ಅಸ್ಥಿಸಂಧಿವಾತ ಮತ್ತು ಕೀಲು ಬದಲಿಯಲ್ಲಿ ಭುಜದ ಕೀಲಿನ ಬಲವಿಜ್ಞಾನ

ಭುಜದ ಕೀಲಿನ ಬಲವಿಜ್ಞಾನ ಎಂಬುದು ಭುಜದ ಎಲುಬು, ಮೃದ್ವಸ್ಥಿ, ಸ್ನಾಯು ಹಾಗೂ ಸ್ನಾಯುರಜ್ಜುಗಳ ಚಲನೆಯನ್ನೂ ಅವುಗಳ ಮೇಲೆ ಬೀಳುವ ಬಲವನ್ನೂ ಅಳೆದು ವಿವರಿಸುವ ಅಧ್ಯಯನ. ಇದು ಜೈವಿಕ ಬಲವಿಜ್ಞಾನದ ಒಂದು ಶಾಖೆ. ಕೀಲಿನ ಮೃದ್ವಸ್ಥಿ ಸವೆಯುವ ಅಸ್ಥಿಸಂಧಿವಾತದಲ್ಲಿ ತೋಳು ಏಕೆ ಮೇಲೇಳುವುದಿಲ್ಲ, ಸವೆತ ಏಕೆ ಒಂದೇ ಕಡೆ ಹೆಚ್ಚುತ್ತದೆ, ಕೃತಕ ಕೀಲು ಎಷ್ಟು ಭಾರವನ್ನು ತಾಳಬಲ್ಲದು ಎಂಬ ಪ್ರಶ್ನೆಗಳಿಗೆ ಉತ್ತರ ದೊರೆಯುವುದು ಈ ಅಧ್ಯಯನದಿಂದಲೇ.

ಮಂಡಿ ಮತ್ತು ಸೊಂಟದ ಕೀಲುಗಳಿಗೆ ಹೋಲಿಸಿದರೆ ಭುಜದಲ್ಲಿ ಅಸ್ಥಿಸಂಧಿವಾತ ಕಡಿಮೆ. ಮಂಡಿ ಮತ್ತು ಸೊಂಟಗಳು ದೇಹದ ತೂಕವನ್ನು ನೇರವಾಗಿ ಹೊರುತ್ತವೆ, ಭುಜ ಹಾಗಲ್ಲ. ಆದರೆ ದೈಹಿಕ ದುಡಿಮೆಯನ್ನೇ ಜೀವನಾಧಾರವಾಗಿಸಿಕೊಂಡವರಿಗೆ ಭುಜದ ಕಾಯಿಲೆ ಕಡಿಮೆ ಸಂಕಟದ್ದಲ್ಲ. ಉತ್ತರ ಕನ್ನಡ ಜಿಲ್ಲೆಯ ದಾಂಡೇಲಿ, ಹಳಿಯಾಳ, ಜೋಯಿಡಾ ಮತ್ತು ಮುಂಡಗೋಡ ತಾಲ್ಲೂಕುಗಳಲ್ಲಿ ಕಬ್ಬು ಕಡಿಯುವುದು, ನಾಟಾ ಸಾಗಿಸುವುದು, ಸೌದೆ ಮತ್ತು ಹುಲ್ಲಿನ ಹೊರೆ ಹೊರುವುದು, ಗೆಡ್ಡೆ ಅಗೆಯುವುದು ಇವೆಲ್ಲವೂ ತೋಳಿನ ಕೆಲಸಗಳೇ. ತೋಳು ಏಳದಿದ್ದರೆ ಕೂಲಿಯೂ ಇಲ್ಲ. ಆದ್ದರಿಂದ ಈ ವಿಷಯವನ್ನು ವೈದ್ಯಕೀಯ ಪಠ್ಯದ ದೃಷ್ಟಿಯಿಂದಲ್ಲದೆ ದುಡಿಯುವ ಜನರ ದೃಷ್ಟಿಯಿಂದಲೂ ನೋಡುವುದು ಉಚಿತ.

ರಚನೆ

ಸಾಮಾನ್ಯವಾಗಿ ಭುಜ ಎಂದು ಕರೆಯುವ ಭಾಗವು ಒಂದೇ ಕೀಲಲ್ಲ. ಅದರಲ್ಲಿ ನಾಲ್ಕು ಸಂಧಿಗಳು ಸೇರಿವೆ.

1. ತೋಳಿನ ಮೂಳೆಯ ದುಂಡನೆಯ ತಲೆ ಮತ್ತು ಹೆಗಲ ಹಲಗೆಯ ಗುಳಿ ಸೇರುವ ಮುಖ್ಯ ಕೀಲು. ಈ ಗುಳಿಗೆ ಗ್ಲೀನಾಯ್ಡ್ ಎಂದು ಹೆಸರು.
2. ಕೊರಳೆಲುಬಿನ ಹೊರತುದಿ ಮತ್ತು ಹೆಗಲ ಹಲಗೆಯ ಮೇಲ್ಚಾಚಾದ ಅಕ್ರೋಮಿಯನ್ ಸೇರುವ ಸಣ್ಣ ಕೀಲು.
3. ಕೊರಳೆಲುಬಿನ ಒಳತುದಿ ಮತ್ತು ಎದೆಯೆಲುಬು ಸೇರುವ ಕೀಲು. ತೋಳನ್ನು ಮುಂಡದ ಅಸ್ಥಿಪಂಜರಕ್ಕೆ ಎಲುಬಿನ ಮೂಲಕ ಜೋಡಿಸುವ ಏಕೈಕ ಕೊಂಡಿ ಇದು.
4. ಹೆಗಲ ಹಲಗೆಯು ಪಕ್ಕೆಲುಬುಗಳ ಮೇಲೆ ಜಾರುವ ಜಾಗ. ಶಾಸ್ತ್ರೀಯ ಅರ್ಥದಲ್ಲಿ ಇದು ಕೀಲಲ್ಲ, ಆದರೆ ಚಲನೆಯಲ್ಲಿ ಇದರ ಪಾಲು ದೊಡ್ಡದು.

ಮುಖ್ಯ ಕೀಲು ಚೆಂಡು ಮತ್ತು ಬಟ್ಟಲಿನ ಮಾದರಿಯದು. ಸೊಂಟದಲ್ಲಿ ಬಟ್ಟಲು ಆಳವಾಗಿದ್ದು ಚೆಂಡನ್ನು ಬಿಗಿಯಾಗಿ ಹಿಡಿದಿರುತ್ತದೆ. ಭುಜದಲ್ಲಿ ಬಟ್ಟಲಿಗಿಂತ ತಟ್ಟೆ ಎನ್ನುವುದೇ ಸರಿ. ತೋಳಿನ ಮೂಳೆಯ ತಲೆಯ ಮೇಲ್ಮೈ ಗುಳಿಯ ಮೇಲ್ಮೈಗಿಂತ ಸುಮಾರು ಮೂರರಿಂದ ನಾಲ್ಕು ಪಟ್ಟು ದೊಡ್ಡದು. ಯಾವುದೇ ಕ್ಷಣದಲ್ಲಿ ತಲೆಯ ಮೂರನೇ ಒಂದು ಭಾಗಕ್ಕಿಂತ ಕಡಿಮೆ ಜಾಗ ಮಾತ್ರ ಗುಳಿಯನ್ನು ಮುಟ್ಟಿರುತ್ತದೆ. ಗುಳಿಯ ಅಂಚಿನ ಸುತ್ತ ಲೇಬ್ರಮ್ ಎಂಬ ನಾರಿನ ಉಂಗುರವಿದ್ದು ಅದು ಗುಳಿಯ ಆಳವನ್ನು ಹೆಚ್ಚಿಸುತ್ತದೆ. ದೇಹದ ಎಲ್ಲ ಕೀಲುಗಳಿಗಿಂತ ಭುಜಕ್ಕೆ ಚಲನೆಯ ಸ್ವಾತಂತ್ರ್ಯ ಹೆಚ್ಚು, ಹಾಗೆಯೇ ತಪ್ಪುವ ಭಯವೂ ಹೆಚ್ಚು. ಎರಡಕ್ಕೂ ಕಾರಣ ಈ ಆಳವಿಲ್ಲದ ರಚನೆಯೇ.

ಎಲುಬು ಕೊಡದ ಭದ್ರತೆಯನ್ನು ಸ್ನಾಯುಗಳು ಒದಗಿಸುತ್ತವೆ. ಹೆಗಲ ಹಲಗೆಯಿಂದ ಹೊರಟ ನಾಲ್ಕು ಸ್ನಾಯುಗಳ ರಜ್ಜುಗಳು ತೋಳಿನ ಮೂಳೆಯ ತಲೆಯನ್ನು ಮುಂದಿನಿಂದ, ಮೇಲಿನಿಂದ ಮತ್ತು ಹಿಂದಿನಿಂದ ಆವರಿಸುತ್ತವೆ. ಇವುಗಳ ಸಮೂಹಕ್ಕೆ ರೊಟೇಟರ್ ಕಫ್ ಎಂದು ಹೆಸರು. ಸುಪ್ರಾಸ್ಪೈನೇಟಸ್, ಇನ್‌ಫ್ರಾಸ್ಪೈನೇಟಸ್, ಟೆರೆಸ್ ಮೈನರ್ ಮತ್ತು ಸಬ್‌ಸ್ಕ್ಯಾಪುಲಾರಿಸ್ ಎಂಬವು ಈ ನಾಲ್ಕು. ಇವುಗಳ ಹೊರಗೆ ಭುಜಕ್ಕೆ ದುಂಡನೆಯ ಆಕಾರ ಕೊಡುವ ಡೆಲ್ಟಾಯ್ಡ್ ಸ್ನಾಯುವಿದೆ.

ಸಹಜ ಚಲನೆ

ತೋಳನ್ನು ಪಕ್ಕದಿಂದ ತಲೆಯ ಮೇಲಕ್ಕೆ ಎತ್ತಿದಾಗ ಒಟ್ಟು ಚಲನೆ ಸುಮಾರು 180 ಡಿಗ್ರಿ. ಇದರಲ್ಲಿ ಸುಮಾರು 120 ಡಿಗ್ರಿ ಮುಖ್ಯ ಕೀಲಿನಲ್ಲಿಯೂ ಉಳಿದ 60 ಡಿಗ್ರಿ ಹೆಗಲ ಹಲಗೆಯ ತಿರುಗುವಿಕೆಯಿಂದಲೂ ಆಗುತ್ತದೆ. ಹೀಗೆ ಎರಡಕ್ಕೊಂದು ಪ್ರಮಾಣದಲ್ಲಿ ನಡೆಯುವ ಜೊತೆ ಚಲನೆಯನ್ನು ಭುಜದ ಲಯ ಎನ್ನುತ್ತಾರೆ. ಅಮೆರಿಕದ ಶಸ್ತ್ರವೈದ್ಯ ಕಾಡ್‌ಮನ್ 1934ರಲ್ಲಿ ಪ್ರಕಟಿಸಿದ ತನ್ನ ಗ್ರಂಥದಲ್ಲಿ ಈ ಲಯವನ್ನು ವಿವರಿಸಿದನು. 1944ರಲ್ಲಿ ಇನ್‌ಮನ್, ಸಾಂಡರ್ಸ್ ಮತ್ತು ಆಬಟ್ ಎಂಬ ಮೂವರು ಅದನ್ನು ಅಳತೆಗೆ ಒಳಪಡಿಸಿದರು. ಪ್ರತಿ ಹಂತದಲ್ಲೂ ಪ್ರಮಾಣ ಒಂದೇ ಆಗಿರುವುದಿಲ್ಲವೆಂದೂ ವ್ಯಕ್ತಿಯಿಂದ ವ್ಯಕ್ತಿಗೆ ವ್ಯತ್ಯಾಸವಿದೆಯೆಂದೂ ಅನಂತರದ ಅಧ್ಯಯನಗಳು ತೋರಿಸಿವೆ.

ತೋಳು ಏಳುವಾಗ ಡೆಲ್ಟಾಯ್ಡ್ ಮೂಳೆಯನ್ನು ಮೇಲಕ್ಕೆ ಎಳೆಯುತ್ತದೆ. ಈ ಎಳೆತವೊಂದೇ ಇದ್ದಿದ್ದರೆ ಮೂಳೆಯ ತಲೆ ಗುಳಿಯಿಂದ ಮೇಲಕ್ಕೆ ಜಾರಿ ಅಕ್ರೋಮಿಯನ್‌ಗೆ ತಾಗುತ್ತಿತ್ತು. ರೊಟೇಟರ್ ಕಫ್ ಅದೇ ಕ್ಷಣದಲ್ಲಿ ತಲೆಯನ್ನು ಗುಳಿಯ ನಡುವಿಗೆ ಒತ್ತಿ ಹಿಡಿಯುವುದರಿಂದ ತಲೆ ಜಾರದೆ ಇದ್ದಲ್ಲಿಯೇ ತಿರುಗುತ್ತದೆ. ಏಣಿಯನ್ನು ಗೋಡೆಗೆ ನಿಲ್ಲಿಸುವಾಗ ಒಬ್ಬನು ಬುಡವನ್ನು ಕಾಲಿನಿಂದ ಒತ್ತಿ ಹಿಡಿದರೆ ಮಾತ್ರ ಇನ್ನೊಬ್ಬನು ತುದಿಯನ್ನು ಎತ್ತಬಲ್ಲನು. ಇಲ್ಲಿ ಬುಡ ಹಿಡಿಯುವ ಕೆಲಸ ರೊಟೇಟರ್ ಕಫ್‌ನದು, ತುದಿ ಎತ್ತುವ ಕೆಲಸ ಡೆಲ್ಟಾಯ್ಡ್‌ನದು. ಕೀಲು ಬದಲಿಯ ವಿಧವನ್ನು ಆರಿಸುವಾಗ ಈ ಹೋಲಿಕೆ ಮತ್ತೆ ಉಪಯೋಗಕ್ಕೆ ಬರುತ್ತದೆ.

ಕೀಲಿನ ಮೇಲಿನ ಬಲ

ಭುಜ ದೇಹದ ತೂಕವನ್ನು ಹೊರುವುದಿಲ್ಲವಾದ್ದರಿಂದ ಅದರ ಮೇಲೆ ಬಲ ಕಡಿಮೆ ಎಂಬ ಭಾವನೆ ಹಿಂದೆ ಇತ್ತು. ಸನ್ನೆಯ ನಿಯಮವನ್ನು ಅನ್ವಯಿಸಿದರೆ ಅದು ಸರಿಯಲ್ಲವೆಂದು ತಿಳಿಯುತ್ತದೆ. ಪ್ರೌಢಶಾಲೆಯ ಭೌತಶಾಸ್ತ್ರವೇ ಇದಕ್ಕೆ ಸಾಕು.

60 ಕಿಲೋ ತೂಕದ ವ್ಯಕ್ತಿಯ ಒಂದು ತೋಳಿನ ತೂಕ ದೇಹತೂಕದ ಶೇ. 5ರಷ್ಟು, ಅಂದರೆ ಸುಮಾರು 3 ಕಿಲೋ. ತೋಳನ್ನು ಪಕ್ಕಕ್ಕೆ ನೇರವಾಗಿ ಚಾಚಿದಾಗ ಅದರ ಗುರುತ್ವ ಕೇಂದ್ರ ಕೀಲಿನಿಂದ ಸುಮಾರು 30 ಸೆಂ.ಮೀ. ದೂರದಲ್ಲಿರುತ್ತದೆ. ತಿರುಗುಬಲ 3 × 30 = 90. ತೋಳೆತ್ತುವ ಸ್ನಾಯುಗಳು ಕೀಲಿನ ಕೇಂದ್ರದಿಂದ ಹೆಚ್ಚೆಂದರೆ 3 ಸೆಂ.ಮೀ. ದೂರದಲ್ಲಿ ಎಳೆಯುತ್ತವೆ ಎಂದಿಟ್ಟುಕೊಂಡರೆ ಅವು 90 ÷ 3 = 30 ಕಿಲೋ ತೂಕಕ್ಕೆ ಸಮನಾದ ಬಲವನ್ನು ಹಾಕಬೇಕು. ಬರಿಗೈಯನ್ನು ಚಾಚಿ ಹಿಡಿಯುವುದಕ್ಕೇ ದೇಹತೂಕದ ಅರ್ಧದಷ್ಟು ಬಲ ಬೇಕಾಯಿತು.

ಅದೇ ಕೈಯಲ್ಲಿ, ಕೀಲಿನಿಂದ 60 ಸೆಂ.ಮೀ. ದೂರದಲ್ಲಿ, 2 ಕಿಲೋ ತೂಕದ ವಸ್ತುವಿದ್ದರೆ 120ರಷ್ಟು ತಿರುಗುಬಲ ಹೆಚ್ಚುತ್ತದೆ. ಒಟ್ಟು 210, ಸ್ನಾಯುಬಲ 70 ಕಿಲೋ. ಇದು ಆ ವ್ಯಕ್ತಿಯ ಇಡೀ ದೇಹದ ತೂಕವನ್ನು ಮೀರಿದೆ. ಮೊಣಕೈ ಮಡಿಸಿ ವಸ್ತುವನ್ನು ಹತ್ತಿರಕ್ಕೆ ತಂದರೆ ತೋಳಿನ ಗುರುತ್ವ ಕೇಂದ್ರ ಸುಮಾರು 20 ಸೆಂ.ಮೀ.ಗೂ ವಸ್ತು ಸುಮಾರು 30 ಸೆಂ.ಮೀ.ಗೂ ಬರುತ್ತವೆ. ಆಗ ತಿರುಗುಬಲ 60 + 60 = 120, ಸ್ನಾಯುಬಲ 40 ಕಿಲೋ. ಹೊರೆಯನ್ನು ಮೈಗೆ ಹತ್ತಿರ ಹಿಡಿಯಬೇಕೆಂಬ ಹಿರಿಯರ ಬುದ್ಧಿಮಾತಿನ ಹಿಂದಿರುವ ಲೆಕ್ಕ ಇದೇ.

ಇದು ಸರಳೀಕರಿಸಿದ ಲೆಕ್ಕ. ವಾಸ್ತವದಲ್ಲಿ ಹಲವು ಸ್ನಾಯುಗಳು ಬೇರೆ ಬೇರೆ ದಿಕ್ಕಿಗೆ ಏಕಕಾಲದಲ್ಲಿ ಎಳೆಯುತ್ತವೆ, ತೋಳು ಏಳುತ್ತಾ ಹೋದಂತೆ ಸನ್ನೆಯ ಉದ್ದವೂ ಬದಲಾಗುತ್ತದೆ. 1978ರಲ್ಲಿ ಪಾಪೆನ್ ಮತ್ತು ವಾಕರ್ ಮಾಡಿದ ಪ್ರಸಿದ್ಧ ಲೆಕ್ಕಾಚಾರದಂತೆ ತೋಳು 90 ಡಿಗ್ರಿಯಲ್ಲಿರುವಾಗ ಕೀಲಿನ ಮೇಲಿನ ಬಲ ದೇಹತೂಕದ ಸುಮಾರು ಶೇ. 90ರಷ್ಟು. ಬರ್ಲಿನ್ನಿನ ಸಂಶೋಧಕರು ಬಲಮಾಪಕವನ್ನು ಅಡಗಿಸಿದ ಕೃತಕ ಭುಜದ ಕೀಲನ್ನು ರೋಗಿಗಳಲ್ಲಿ ಅಳವಡಿಸಿ, ಜೀವಂತ ದೇಹದಲ್ಲಿಯೇ ಅಳೆದ ಮೊದಲ ಫಲಿತಾಂಶಗಳನ್ನು 2007ರಲ್ಲಿ ಪ್ರಕಟಿಸಿದರು. ದಿನನಿತ್ಯದ ಕೆಲವು ಕೆಲಸಗಳಲ್ಲಿಯೂ ಬಲ ದೇಹತೂಕವನ್ನು ಸಮೀಪಿಸುತ್ತದೆ ಎಂಬುದು ಇಂಥ ಅಳತೆಗಳಿಂದ ದೃಢಪಟ್ಟಿತು.

ಅಸ್ಥಿಸಂಧಿವಾತದಲ್ಲಿ ಆಗುವ ಬದಲಾವಣೆ

ಆರೋಗ್ಯವಂತ ಕೀಲಿನಲ್ಲಿ ಎಲುಬಿನ ತುದಿಗಳನ್ನು ನುಣುಪಾದ ಮೃದ್ವಸ್ಥಿ ಹೊದ್ದಿರುತ್ತದೆ. ಅದರ ಒಳಗಿನ ನೀರಿನಂಶ ಒತ್ತಡವನ್ನು ಹಂಚುತ್ತದೆ, ಕೀಲಿನ ದ್ರವ ಘರ್ಷಣೆಯನ್ನು ತಗ್ಗಿಸುತ್ತದೆ. ಅಸ್ಥಿಸಂಧಿವಾತದಲ್ಲಿ ಈ ಹೊದಿಕೆ ಒರಟಾಗಿ, ಬಿರಿದು, ಕ್ರಮೇಣ ಕಳಚಿಹೋಗುತ್ತದೆ. ಅಡಿಯ ಎಲುಬು ಗಟ್ಟಿಯಾಗುತ್ತದೆ. ಮೂಳೆಯ ತಲೆಯ ಕೆಳ ಅಂಚಿನಲ್ಲಿ ಮುಳ್ಳಿನಂಥ ಎಲುಬಿನ ಚಾಚುಗಳು ಬೆಳೆಯುತ್ತವೆ. ಕೀಲಿನ ಮುಂಭಾಗದ ಚೀಲ ಕುಗ್ಗಿ ಬಿಗಿಯಾಗುತ್ತದೆ.

ಮುಂಭಾಗದ ಬಿಗಿತದಿಂದ ತೋಳನ್ನು ಹೊರಕ್ಕೆ ತಿರುಗಿಸುವ ಚಲನೆ ಮೊದಲು ಕಡಿಮೆಯಾಗುತ್ತದೆ. ಬಿಗಿದ ಮುಂಭಾಗವು ಮೂಳೆಯ ತಲೆಯನ್ನು ಹಿಂದಕ್ಕೆ ತಳ್ಳುತ್ತದೆ. ತಲೆ ಹಿಂದಕ್ಕೆ ಸರಿದಾಗ ಗುಳಿಯ ಹಿಂಭಾಗ ಮಾತ್ರ ಬಲವನ್ನು ತಾಳಬೇಕಾಗುತ್ತದೆ. ಒತ್ತಡವೆಂದರೆ ಬಲವನ್ನು ವಿಸ್ತೀರ್ಣದಿಂದ ಭಾಗಿಸಿದ ಮೊತ್ತ. ಬಲ ಅಷ್ಟೇ ಇದ್ದು ವಿಸ್ತೀರ್ಣ ಅರ್ಧವಾದರೆ ಒತ್ತಡ ಎರಡು ಪಟ್ಟಾಗುತ್ತದೆ. ಹಿಂಭಾಗ ಸವೆದಷ್ಟೂ ಗುಳಿ ಹಿಂದಕ್ಕೆ ವಾಲುತ್ತದೆ, ವಾಲಿದಷ್ಟೂ ತಲೆ ಮತ್ತೆ ಅತ್ತಲೇ ಜಾರುತ್ತದೆ. ಸವೆತವು ತನ್ನನ್ನು ತಾನೇ ಬೆಳೆಸಿಕೊಳ್ಳುವ ಚಕ್ರ ಇದು.

ಫ್ರಾನ್ಸಿನ ಲಿಯಾನ್ ನಗರದ ಶಸ್ತ್ರವೈದ್ಯ ಜಿಲ್ ವಾಲ್ಶ್ ಮತ್ತು ಸಹಚರರು 1999ರಲ್ಲಿ ಸಿ.ಟಿ. ಸ್ಕ್ಯಾನ್ ಆಧಾರದ ಮೇಲೆ ಸವೆದ ಗುಳಿಗಳನ್ನು ವರ್ಗೀಕರಿಸಿದರು. ಎ ವರ್ಗದಲ್ಲಿ ತಲೆ ನಡುವಿನಲ್ಲಿದ್ದು ಸವೆತ ಸಮನಾಗಿರುತ್ತದೆ. ಬಿ ವರ್ಗದಲ್ಲಿ ತಲೆ ಹಿಂದಕ್ಕೆ ಸರಿದು ಗುಳಿಯ ಹಿಂಭಾಗ ಸವೆದಿರುತ್ತದೆ. ಸಿ ವರ್ಗದಲ್ಲಿ ಗುಳಿಯು 25 ಡಿಗ್ರಿಗಿಂತ ಹೆಚ್ಚು ಹಿಂದಕ್ಕೆ ವಾಲಿರುತ್ತದೆ, ಇದಕ್ಕೆ ಕಾರಣ ಸವೆತವಲ್ಲ, ಹುಟ್ಟಿನಿಂದ ಬಂದ ರಚನೆ. ಈ ವರ್ಗೀಕರಣ ಅನಂತರ ಪರಿಷ್ಕಾರಗೊಂಡು ಇಂದಿಗೂ ಬಳಕೆಯಲ್ಲಿದೆ.

ಮುಖ್ಯ ಕೀಲು ಬಿಗಿದಾಗ ಹೆಗಲ ಹಲಗೆ ಹೆಚ್ಚು ತಿರುಗಿ ಕೊರತೆಯನ್ನು ತುಂಬಲು ಯತ್ನಿಸುತ್ತದೆ. ಭುಜದ ಲಯದ 2:1 ಪ್ರಮಾಣ 1:1ರ ಕಡೆಗೆ ಇಳಿಯುತ್ತದೆ. ರೋಗಿಯು ತೋಳೆತ್ತುವ ಬದಲು ಇಡೀ ಹೆಗಲನ್ನು ಕಿವಿಯತ್ತ ಎತ್ತುವುದು ಇದರ ಹೊರಗುರುತು. ಕತ್ತಿನ ಬುಡದ ಸ್ನಾಯುಗಳಿಗೆ ಶ್ರಮ ಹೆಚ್ಚಿ ಕುತ್ತಿಗೆಯೂ ನೋಯುತ್ತದೆ.

ಇದಕ್ಕಿಂತ ಭಿನ್ನವಾದ ಇನ್ನೊಂದು ಸ್ಥಿತಿಯಿದೆ. ರೊಟೇಟರ್ ಕಫ್ ಬಹುಪಾಲು ಹರಿದು ದೀರ್ಘಕಾಲ ಹಾಗೆಯೇ ಉಳಿದರೆ ಏಣಿಯ ಬುಡ ಹಿಡಿಯುವವನೇ ಇಲ್ಲದಂತಾಗುತ್ತದೆ. ಮೂಳೆಯ ತಲೆ ಮೇಲಕ್ಕೇರಿ ಅಕ್ರೋಮಿಯನ್‌ನ ಅಡಿಯನ್ನು ಉಜ್ಜುತ್ತದೆ. ಅಮೆರಿಕದ ಚಾರ್ಲ್ಸ್ ನೀರ್ ಮತ್ತು ಸಹೋದ್ಯೋಗಿಗಳು 1983ರಲ್ಲಿ ಇದನ್ನು ಪ್ರತ್ಯೇಕ ರೋಗವೆಂದು ವಿವರಿಸಿದರು.

ಕಾರಣಗಳು

ವಯಸ್ಸು, ಹಿಂದಿನ ಮೂಳೆ ಮುರಿತ, ಪದೇ ಪದೇ ಭುಜ ತಪ್ಪುವುದು, ರುಮಟಾಯ್ಡ್ ಸಂಧಿವಾತ, ರಕ್ತಪೂರೈಕೆ ನಿಂತು ಮೂಳೆಯ ತಲೆ ಕುಸಿಯುವುದು, ಹಿಂದಿನ ಸೋಂಕು ಇವು ಪ್ರಮುಖ ಕಾರಣಗಳು. ಆನುವಂಶಿಕತೆಗೂ ಪಾತ್ರವಿದೆ. ಕೀಲಿನ ಕಾಯಿಲೆಯಲ್ಲಿ ಆನುವಂಶಿಕತೆ ಎಷ್ಟು ಪ್ರಬಲವಾಗಿರಬಹುದು ಎಂಬುದಕ್ಕೆ ಕರ್ನಾಟಕದ ಮಲೆನಾಡಿನಲ್ಲಿಯೇ ಒಂದು ನಿದರ್ಶನವಿದೆ. ಶಿವಮೊಗ್ಗ ಜಿಲ್ಲೆ ಸಾಗರ ತಾಲ್ಲೂಕಿನ ಹಂದಿಗೋಡು ಗ್ರಾಮದಲ್ಲಿ 1970ರ ದಶಕದ ಮಧ್ಯಭಾಗದಲ್ಲಿ ಬೆಳಕಿಗೆ ಬಂದ ಹಂದಿಗೋಡು ಕಾಯಿಲೆ ಕುಟುಂಬಗಳಲ್ಲಿ ತಲೆಮಾರಿನಿಂದ ತಲೆಮಾರಿಗೆ ಸಾಗಿ ಮುಖ್ಯವಾಗಿ ಸೊಂಟದ ಕೀಲನ್ನು ಕೆಡಿಸುತ್ತದೆ. ಭುಜದ ಸಾಮಾನ್ಯ ಅಸ್ಥಿಸಂಧಿವಾತ ಅದಕ್ಕಿಂತ ಬೇರೆಯಾದ ಕಾಯಿಲೆ.

ಭಾರದ ದುಡಿಮೆಗೂ ಭುಜದ ಸವೆತಕ್ಕೂ ಇರುವ ಸಂಬಂಧ ಎಲ್ಲ ಸಂಧಿಗಳಲ್ಲಿ ಒಂದೇ ತೆರನಾದುದಲ್ಲ. ಸ್ವೀಡನ್ನಿನಲ್ಲಿ ಇಟ್ಟಿಗೆ ಕಟ್ಟುವವರು ಮತ್ತು ಬಂಡೆ ಸಿಡಿಸುವ ಕಾರ್ಮಿಕರ ಕುರಿತ 1992ರ ಅಧ್ಯಯನವೊಂದು ಕೊರಳೆಲುಬಿನ ಹೊರತುದಿಯ ಸಣ್ಣ ಕೀಲಿನ ಸವೆತವನ್ನು ಭಾರ ಎತ್ತುವಿಕೆಯೊಂದಿಗೆ ಜೋಡಿಸಿತು. ತಲೆಯ ಮಟ್ಟಕ್ಕಿಂತ ಮೇಲೆ ಕೈಯೆತ್ತಿ ದುಡಿಯುವವರಲ್ಲಿ ಸ್ನಾಯುರಜ್ಜುಗಳ ತೊಂದರೆ ಹೆಚ್ಚೆಂದು ಹಲವು ಅಧ್ಯಯನಗಳು ಹೇಳಿವೆ.

ರೋಗ ಗುರುತಿಸುವಿಕೆ

ಭುಜದ ನೋವೆಲ್ಲ ಅಸ್ಥಿಸಂಧಿವಾತವಲ್ಲ. ಮಧುಮೇಹಿಗಳಲ್ಲಿ ಹೆಚ್ಚಾಗಿ ಕಾಣುವ, ಫ್ರೋಜನ್ ಶೋಲ್ಡರ್ ಎಂದು ಕರೆಯಲಾಗುವ ಬಿಗಿಭುಜದಲ್ಲಿಯೂ ತೋಳು ಹೊರಕ್ಕೆ ತಿರುಗುವುದಿಲ್ಲ. ಎರಡನ್ನೂ ಬೇರ್ಪಡಿಸುವ ಸರಳ ಸಾಧನ ಎಕ್ಸ್-ರೇ. ಬಿಗಿಭುಜದಲ್ಲಿ ಕೀಲಿನ ಎಡೆ ಸಾಮಾನ್ಯವಾಗಿರುತ್ತದೆ. ಅಸ್ಥಿಸಂಧಿವಾತದಲ್ಲಿ ಎಡೆ ಕಿರಿದಾಗಿ, ಕೆಳಗೆ ಎಲುಬಿನ ಚಾಚು ಕಾಣುತ್ತದೆ. ಈ ಭೇದ ಮುಖ್ಯವಾದುದು. ಬಿಗಿಭುಜ ಬಹುತೇಕ ತಿಂಗಳುಗಳ ಅಥವಾ ಒಂದೆರಡು ವರ್ಷಗಳ ಅವಧಿಯಲ್ಲಿ ಸಡಿಲಗೊಳ್ಳುತ್ತದೆ, ಸವೆದ ಮೃದ್ವಸ್ಥಿ ಮರಳಿ ಬೆಳೆಯುವುದಿಲ್ಲ. ಸವೆದ ಕೀಲನ್ನು ಬಲವಂತವಾಗಿ ಎಳೆದು ತಿರುಗಿಸುವುದರಿಂದ ಹಾನಿಯಾಗಬಹುದು.

ಭುಜದ ಚಲನೆ ಸಹಜವಾಗಿದ್ದೂ ನೋವು ತೋಳಿನಿಂದ ಬೆರಳಿನವರೆಗೆ ಹರಿಯುತ್ತಿದ್ದರೆ ಕುತ್ತಿಗೆಯ ನರದ ತೊಂದರೆಯನ್ನು ಪರಿಶೀಲಿಸಲಾಗುತ್ತದೆ. ಎಡ ಭುಜದ ನೋವು ಎದೆಯ ಬಿಗಿತ, ಬೆವರು ಅಥವಾ ಉಸಿರಾಟದ ತೊಂದರೆಯೊಂದಿಗೆ ಬಂದರೆ ಅದು ಹೃದಯಾಘಾತದ ಸೂಚನೆಯಾಗಿರಬಹುದು. ಆಗ ತಡಮಾಡದೆ ಆಸ್ಪತ್ರೆ ಸೇರಬೇಕು.

ಶಸ್ತ್ರಚಿಕಿತ್ಸೆಯಿಲ್ಲದ ಆರೈಕೆ

ಆರಂಭದ ಹಂತದಲ್ಲಿ ಕೆಲಸದ ರೀತಿಯನ್ನು ಬದಲಿಸುವುದು, ನೋವು ನಿವಾರಕ ಔಷಧಿ, ಫಿಸಿಯೋಥೆರಪಿ ಮತ್ತು ಕೀಲಿಗೆ ನೀಡುವ ಸ್ಟಿರಾಯ್ಡ್ ಚುಚ್ಚುಮದ್ದು ಬಳಕೆಯಲ್ಲಿವೆ. ಇವು ಸವೆತವನ್ನು ಹಿಂದಿರುಗಿಸುವುದಿಲ್ಲ, ನೋವನ್ನು ತಗ್ಗಿಸಿ ಉಳಿದಿರುವ ಚಲನೆಯನ್ನು ಕಾಯುತ್ತವೆ. ವೈದ್ಯರ ಸಲಹೆಯಿಲ್ಲದೆ ನೋವಿನ ಗುಳಿಗೆಗಳನ್ನು ದೀರ್ಘಕಾಲ ನುಂಗುವುದರಿಂದ ಜಠರ ಮತ್ತು ಮೂತ್ರಪಿಂಡಗಳಿಗೆ ಅಪಾಯವಿದೆ.

ಕೀಲು ಬದಲಿಯ ಇತಿಹಾಸ

ದಾಖಲಾದ ಮೊದಲ ಭುಜದ ಕೀಲು ಬದಲಿ ನಡೆದುದು 1893ರಲ್ಲಿ, ಪ್ಯಾರಿಸ್ಸಿನಲ್ಲಿ. ಶಸ್ತ್ರವೈದ್ಯ ಜೂಲ್ ಎಮಿಲ್ ಪೇಆಂ ಕ್ಷಯದಿಂದ ಭುಜ ಕೆಟ್ಟಿದ್ದ 37 ವರ್ಷದ ರೊಟ್ಟಿ ತಯಾರಕನೊಬ್ಬನಿಗೆ ಪ್ಲಾಟಿನಂ ಮತ್ತು ಗಟ್ಟಿ ರಬ್ಬರಿನ ಕೀಲನ್ನು ಅಳವಡಿಸಿದನು. ಅದನ್ನು ತಯಾರಿಸಿದವನು ಒಬ್ಬ ದಂತವೈದ್ಯ. ರೋಗಿಯ ಕೈ ಸ್ವಲ್ಪಕಾಲ ಉಪಯೋಗಕ್ಕೆ ಬಂದಿತಾದರೂ ಸೋಂಕು ಮರುಕಳಿಸಿದ್ದರಿಂದ ಸುಮಾರು ಎರಡು ವರ್ಷಗಳಲ್ಲಿ ಕೀಲನ್ನು ತೆಗೆಯಬೇಕಾಯಿತು.

ಆಧುನಿಕ ಯುಗ ಆರಂಭವಾದುದು ನ್ಯೂಯಾರ್ಕಿನ ಚಾರ್ಲ್ಸ್ ನೀರ್‌ನಿಂದ. ಮುರಿದ ಮೂಳೆಯ ತಲೆಯ ಬದಲಿಗೆ ಲೋಹದ ತಲೆಯನ್ನು ಕೂಡಿಸಿದ ಅನುಭವವನ್ನು ಆತ 1955ರಲ್ಲಿಯೂ ಅಸ್ಥಿಸಂಧಿವಾತಕ್ಕೆ ಅದನ್ನು ಬಳಸಿದ ಫಲಿತಾಂಶಗಳನ್ನು 1974ರಲ್ಲಿಯೂ ಪ್ರಕಟಿಸಿದನು. ರೊಟೇಟರ್ ಕಫ್ ಇಲ್ಲದ ಭುಜಗಳಲ್ಲಿ ಈ ವಿಧಾನ ಫಲಿಸಲಿಲ್ಲ. ಅದಕ್ಕೆ ಪರಿಹಾರವನ್ನು ಫ್ರಾನ್ಸಿನ ದಿಜೋನ್ ನಗರದ ಪಾಲ್ ಗ್ರಾಮೋಂ 1985ರಲ್ಲಿ ರೂಪಿಸಿದನು. ಆತ ಚೆಂಡು ಮತ್ತು ಬಟ್ಟಲಿನ ಜಾಗಗಳನ್ನೇ ಅದಲುಬದಲು ಮಾಡಿದನು. ಅಮೆರಿಕದಲ್ಲಿ ಈ ಕೀಲಿಗೆ ಅನುಮತಿ ದೊರೆತುದು 2003ರಲ್ಲಿ.

ಕೀಲು ಬದಲಿಯ ವಿಧಗಳು

ಅರೆಬದಲಿ: ಮೂಳೆಯ ತಲೆಯನ್ನು ಮಾತ್ರ ಬದಲಿಸಿ ಗುಳಿಯನ್ನು ಹಾಗೆಯೇ ಬಿಡಲಾಗುತ್ತದೆ. ಲೋಹದ ತಲೆಯು ಸಹಜ ಗುಳಿಯನ್ನು ಮುಂದೆ ಸವೆಸಬಹುದು.

ಸಹಜ ರೂಪದ ಪೂರ್ಣ ಬದಲಿ: ತಲೆಯ ಜಾಗದಲ್ಲಿ ಕೋಬಾಲ್ಟ್–ಕ್ರೋಮಿಯಂ ಮಿಶ್ರಲೋಹದ ಚೆಂಡು, ಗುಳಿಯ ಜಾಗದಲ್ಲಿ ಗಟ್ಟಿ ಪಾಲಿಥಿಲೀನಿನ ತಟ್ಟೆ. ತಟ್ಟೆಯ ವಕ್ರತೆಯ ತ್ರಿಜ್ಯವನ್ನು ಚೆಂಡಿನದಕ್ಕಿಂತ ಕೆಲವು ಮಿ.ಮೀ. ಹೆಚ್ಚಾಗಿ ಇಡುತ್ತಾರೆ. ಇದರಿಂದ ಚೆಂಡು ಸಹಜ ಭುಜದಂತೆ ತುಸು ಜಾರಬಲ್ಲದು ಮತ್ತು ತಟ್ಟೆಯ ಅಂಚಿಗೆ ಬೀಳುವ ಪೆಟ್ಟು ಕಡಿಮೆಯಾಗುತ್ತದೆ. ರೊಟೇಟರ್ ಕಫ್ ಸರಿಯಿದ್ದರೆ ಮಾತ್ರ ಈ ವಿಧ ಸೂಕ್ತ. ಇಲ್ಲವಾದರೆ ಚೆಂಡು ಮೇಲಕ್ಕೇರಿ ತಟ್ಟೆಯ ಮೇಲಂಚನ್ನು ಒತ್ತುತ್ತದೆ, ಕೆಳಂಚು ಎದ್ದುಕೊಳ್ಳುತ್ತದೆ. ಆಟದ ಕುದುರೆಯಂತೆ ತಟ್ಟೆ ಓಲಾಡಿ ಕೊನೆಗೆ ಎಲುಬಿನಿಂದ ಸಡಿಲಗೊಳ್ಳುತ್ತದೆ. ಈ ವಿದ್ಯಮಾನವನ್ನು 1988ರಲ್ಲಿ ವಿವರಿಸಲಾಯಿತು.

ತಿರುವು ಬದಲಿ: ಗುಳಿಯ ಜಾಗದಲ್ಲಿ ಅರ್ಧಗೋಳವನ್ನೂ ತೋಳಿನ ಮೂಳೆಯ ತುದಿಯಲ್ಲಿ ಬಟ್ಟಲನ್ನೂ ಕೂಡಿಸಲಾಗುತ್ತದೆ. ಇದರಿಂದ ಚಲನೆಯ ಕೇಂದ್ರ ದೇಹದ ಒಳಭಾಗಕ್ಕೂ ಕೆಳಕ್ಕೂ ಸರಿಯುತ್ತದೆ. ಡೆಲ್ಟಾಯ್ಡ್‌ನ ಸನ್ನೆ ಉದ್ದವಾಗುತ್ತದೆ, ಸ್ನಾಯು ಬಿಗಿದು ನಿಲ್ಲುತ್ತದೆ. ಅದರ ಮೇಲ್ಮುಖ ಎಳೆತವೇ ಈಗ ಬಟ್ಟಲನ್ನು ಗೋಳಕ್ಕೆ ಒತ್ತಿ ಹಿಡಿಯುತ್ತದೆ. ಏಣಿಯ ಬುಡವನ್ನು ನೆಲಕ್ಕೆ ಗೂಟ ಹೊಡೆದು ಕಟ್ಟಿದರೆ ಹಿಡಿಯುವವನಿಲ್ಲದೆಯೂ ತುದಿಯನ್ನು ಎತ್ತಬಹುದಾದಂತೆ, ಹರಿದ ಕಫ್ ಇದ್ದರೂ ತೋಳು ಏಳುತ್ತದೆ. ಆದರೆ ತೋಳನ್ನು ಒಳಕ್ಕೆ, ಹೊರಕ್ಕೆ ತಿರುಗಿಸುವ ಶಕ್ತಿ ಇದರಿಂದ ಅಷ್ಟಾಗಿ ಮರಳುವುದಿಲ್ಲ. ಬಟ್ಟಲಿನ ಒಳ ಅಂಚು ಹೆಗಲ ಹಲಗೆಯ ಕೆಳಭಾಗಕ್ಕೆ ತಾಗಿ ಕಚ್ಚು ಬೀಳುವುದು ಆರಂಭದ ಮಾದರಿಗಳ ದೋಷವಾಗಿತ್ತು. ಗೋಳವನ್ನು ಕೆಳಕ್ಕೆ ಇಡುವುದು ಮತ್ತು ಬಟ್ಟಲಿನ ಕೋನವನ್ನು 155 ಡಿಗ್ರಿಯಿಂದ ತಗ್ಗಿಸುವುದು ಇದಕ್ಕೆ ಕಂಡುಕೊಂಡ ಉಪಾಯಗಳು.

ಅಧ್ಯಯನದ ವಿಧಾನಗಳು

ಹೆಗಲ ಹಲಗೆ ಚರ್ಮದ ಅಡಿಯಲ್ಲಿ ಜಾರುವುದರಿಂದ ಭುಜದ ಚಲನೆಯನ್ನು ಹೊರಗಿನಿಂದ ಅಳೆಯುವುದು ಕಷ್ಟ. ಈ ಕಾರಣದಿಂದ ಹಲವು ವಿಧಾನಗಳನ್ನು ಒಟ್ಟಿಗೆ ಬಳಸಲಾಗುತ್ತದೆ.

ಚಲನೆಯ ದಾಖಲೆ: ಚರ್ಮದ ಮೇಲೆ ಗುರುತುಗಳನ್ನು ಅಥವಾ ವಿದ್ಯುತ್ಕಾಂತೀಯ ಸಂವೇದಕಗಳನ್ನು ಅಂಟಿಸಿ ಚಲನೆಯನ್ನು ಗ್ರಹಿಸುವುದು. ಬೇರೆ ಬೇರೆ ಪ್ರಯೋಗಾಲಯಗಳ ಅಳತೆಗಳನ್ನು ಹೋಲಿಸಲು ಅನುಕೂಲವಾಗುವಂತೆ ಅಂತರರಾಷ್ಟ್ರೀಯ ಜೈವಿಕ ಬಲವಿಜ್ಞಾನ ಸಂಘವು 2005ರಲ್ಲಿ ಏಕರೂಪದ ಅಕ್ಷಗಳನ್ನು ಸೂಚಿಸಿತು.

ಕ್ಷ-ಕಿರಣ ಚಲನಚಿತ್ರ: ತೋಳು ಏಳುವಾಗಲೇ ಎರಡು ದಿಕ್ಕಿನಿಂದ ಎಕ್ಸ್-ರೇ ತೆಗೆದು, ಸಿ.ಟಿ. ಸ್ಕ್ಯಾನ್‌ನಿಂದ ಪಡೆದ ಎಲುಬಿನ ಮೂರು ಆಯಾಮದ ಆಕಾರಕ್ಕೆ ಹೊಂದಿಸುವುದು.

ಸ್ನಾಯು ವಿದ್ಯುತ್ ಲೇಖನ: ಯಾವ ಸ್ನಾಯು ಯಾವ ಕ್ಷಣದಲ್ಲಿ ಕೆಲಸ ಮಾಡುತ್ತದೆ ಎಂಬುದನ್ನು ವಿದ್ಯುತ್ ಸಂಕೇತಗಳಿಂದ ತಿಳಿಯುವುದು.

ಶವಪ್ರಯೋಗ: ದಾನವಾಗಿ ಬಂದ ಭುಜಗಳನ್ನು ಯಂತ್ರಕ್ಕೆ ಜೋಡಿಸಿ, ಸ್ನಾಯುರಜ್ಜುಗಳನ್ನು ಹುರಿಗಳಿಂದ ಎಳೆದು ಬಲ ಮತ್ತು ಜಾರುವಿಕೆಯನ್ನು ಅಳೆಯುವುದು.

ಗಣಕ ಮಾದರಿ: ಎಲುಬನ್ನು ಸಾವಿರಾರು ಸಣ್ಣ ತುಣುಕುಗಳಾಗಿ ವಿಭಜಿಸಿ ಪ್ರತಿ ತುಣುಕಿನ ಮೇಲಿನ ಒತ್ತಡವನ್ನು ಲೆಕ್ಕ ಹಾಕುವುದು. ಸೇತುವೆ ಮತ್ತು ಯಂತ್ರಭಾಗಗಳ ವಿನ್ಯಾಸಕ್ಕೆ ಬಳಸುವ ಪರಿಮಿತ ಅಂಶ ವಿಧಾನವೇ ಇದು. ಮೆಕ್ಯಾನಿಕಲ್ ಎಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ ಇದು ಪರಿಚಿತ ವಿಷಯ. ಆದ್ದರಿಂದ ಈ ಕ್ಷೇತ್ರದಲ್ಲಿ ವೈದ್ಯರೊಂದಿಗೆ ಎಂಜಿನಿಯರುಗಳೂ ದುಡಿಯುತ್ತಾರೆ.

ಇಂದು ಶಸ್ತ್ರಚಿಕಿತ್ಸೆಗೆ ಮುನ್ನ ರೋಗಿಯ ಸಿ.ಟಿ. ಸ್ಕ್ಯಾನ್ ಆಧಾರದ ಮೇಲೆ ಗುಳಿಯ ವಾಲಿಕೆಯನ್ನು ಅಳೆದು, ಕೀಲನ್ನು ಕೂಡಿಸುವ ಕೋನವನ್ನು ಗಣಕದಲ್ಲಿ ಮೊದಲೇ ನಿರ್ಧರಿಸುವ ಪದ್ಧತಿ ಬೆಳೆಯುತ್ತಿದೆ.

ಶಸ್ತ್ರಚಿಕಿತ್ಸೆಯ ನಂತರ

ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ ತೋಳನ್ನು ಜೋಳಿಗೆ ಪಟ್ಟಿಯಲ್ಲಿ ಇಡಲಾಗುತ್ತದೆ. ಕೀಲನ್ನು ತಲುಪಲು ಮುಂಭಾಗದ ಸಬ್‌ಸ್ಕ್ಯಾಪುಲಾರಿಸ್ ರಜ್ಜುವನ್ನು ಬಿಡಿಸಿ ಮತ್ತೆ ಹೊಲಿಯುವ ವಿಧಾನದಲ್ಲಿ, ಆ ಹೊಲಿಗೆ ಕೂಡುವವರೆಗೆ ತೋಳನ್ನು ಹೊರಕ್ಕೆ ತಿರುಗಿಸಲು ಮಿತಿಯಿರುತ್ತದೆ. ನೋವಿನ ಶಮನವೇ ಈ ಶಸ್ತ್ರಚಿಕಿತ್ಸೆಯ ಅತ್ಯಂತ ಖಚಿತವಾದ ಲಾಭ. ಚಲನೆ ಮರಳುವ ಪ್ರಮಾಣ ಸ್ನಾಯುಗಳ ಸ್ಥಿತಿ ಮತ್ತು ವ್ಯಾಯಾಮವನ್ನು ಅವಲಂಬಿಸಿದೆ.

ಸೋಂಕು, ಕೀಲು ತಪ್ಪುವುದು, ಭಾಗಗಳು ಸಡಿಲಗೊಳ್ಳುವುದು, ನರಕ್ಕೆ ಪೆಟ್ಟು, ಎಲುಬು ಮುರಿತ ಇವು ಸಂಭವನೀಯ ತೊಂದರೆಗಳು. ತಿರುವು ಬದಲಿಯ ಕೀಲು ತಪ್ಪುವ ಅಪಾಯ ಹೆಚ್ಚಿರುವುದು ತೋಳನ್ನು ಬೆನ್ನ ಹಿಂದಕ್ಕೆ ಒಯ್ದು ಒಳಕ್ಕೆ ತಿರುಗಿಸಿ ಭಾರ ಹಾಕುವ ಭಂಗಿಯಲ್ಲಿ. ನೆಲದ ಮೇಲೆ ಕುಳಿತವರು ಹಿಂದಕ್ಕೆ ಕೈಯೂರಿ ಏಳುವಾಗ ಆಗುವ ಭಂಗಿ ಇದೇ. ಚಾಪೆಯ ಮೇಲೆ ಕುಳಿತು ಉಣ್ಣುವ ಮನೆಗಳಲ್ಲಿ ಆರಂಭದ ತಿಂಗಳುಗಳಲ್ಲಿ ಕುರ್ಚಿ ಮತ್ತು ಮಂಚದ ಬಳಕೆ ಕ್ಷೇಮಕರ. ಸೀರೆಯ ಸೆರಗನ್ನು ಹಿಂದೆ ಸಿಕ್ಕಿಸುವುದು, ಶೌಚದ ನಂತರದ ಶುದ್ಧಿ ಇವಕ್ಕೆ ಬೇಕಾದ ಒಳತಿರುವು ಪೂರ್ತಿಯಾಗಿ ಮರಳದೆ ಇರಬಹುದು. ಶಸ್ತ್ರಚಿಕಿತ್ಸೆಗೆ ಮುನ್ನ ಈ ಸಂಗತಿಗಳನ್ನು ವೈದ್ಯರೊಂದಿಗೆ ಸಂಕೋಚವಿಲ್ಲದೆ ಚರ್ಚಿಸುವುದು ಉತ್ತಮ.

ಬಹುಪಾಲು ಕೃತಕ ಕೀಲುಗಳು ಹತ್ತು ವರ್ಷಗಳ ನಂತರವೂ ಮರುಶಸ್ತ್ರಚಿಕಿತ್ಸೆಯಿಲ್ಲದೆ ಉಳಿಯುತ್ತವೆ. ಆದರೆ ಪಾಲಿಥಿಲೀನ್ ಭಾರಕ್ಕೆ ತಕ್ಕಂತೆ ಸವೆಯುತ್ತದೆ. ಆದ್ದರಿಂದಲೇ ಭಾರದ ವಸ್ತುಗಳನ್ನು ಪದೇ ಪದೇ ಎತ್ತದಂತೆಯೂ ತಲೆಯ ಮೇಲಕ್ಕೆ ಹೊರೆ ಏರಿಸದಂತೆಯೂ ಶಸ್ತ್ರವೈದ್ಯರು ಸಲಹೆ ನೀಡುತ್ತಾರೆ.

ಉತ್ತರ ಕನ್ನಡದ ಒಳನಾಡಿನ ಸಂದರ್ಭ

ದಾಂಡೇಲಿ, ಹಳಿಯಾಳ, ಜೋಯಿಡಾ ಮತ್ತು ಮುಂಡಗೋಡ ಉತ್ತರ ಕನ್ನಡದ ಘಟ್ಟದ ಮೇಲಿನ ತಾಲ್ಲೂಕುಗಳು. ಹಳಿಯಾಳದಲ್ಲಿ ಕಬ್ಬು, ಭತ್ತ ಮತ್ತು ಮೆಕ್ಕೆಜೋಳದ ಬೇಸಾಯವಿದೆ. ಕಾಳಿ ನದಿಯ ದಡದ ದಾಂಡೇಲಿ 1950ರ ದಶಕದಲ್ಲಿ ಸ್ಥಾಪನೆಯಾದ ಕಾಗದದ ಕಾರ್ಖಾನೆಯಿಂದಲೂ ನಾಟಾ ವ್ಯಾಪಾರದಿಂದಲೂ ಬೆಳೆದ ಊರು. ಹಿಂದೆ ಸೂಪಾ ಎಂದು ಹೆಸರಾಗಿದ್ದ ಜೋಯಿಡಾ ಅರಣ್ಯಪ್ರಧಾನವಾಗಿದ್ದು, ಅಲ್ಲಿನ ಕುಣಬಿ ಸಮುದಾಯ ಗೆಡ್ಡೆಗೆಣಸಿನ ಕೃಷಿಗೆ ಪ್ರಸಿದ್ಧ. ಮುಂಡಗೋಡದಲ್ಲಿ 1966ರಿಂದ ಟಿಬೆಟನ್ ನಿರಾಶ್ರಿತರ ನೆಲೆಯಿದೆ.

ಈ ಕೆಲಸಗಳು ಭುಜದ ಮೇಲೆ ಹಾಕುವ ಹೊರೆ ಒಂದೇ ಬಗೆಯದಲ್ಲ. ಕಬ್ಬು ಕಡಿಯುವವರ ಕೈ ವೇಗವಾಗಿ ಬೀಸಿ ಹಠಾತ್ತಾಗಿ ನಿಲ್ಲುತ್ತದೆ, ಆ ನಿಲುಗಡೆಯ ಬಲವನ್ನು ಹಿಂಭಾಗದ ಕಫ್ ತಡೆಯುತ್ತದೆ. ಕಬ್ಬಿನ ಕಂತೆಯನ್ನು ಟ್ರ್ಯಾಕ್ಟರಿಗೆ ಏರಿಸುವಾಗ ತೋಳು ತಲೆಗಿಂತ ಮೇಲೆ ಭಾರ ಹೊರುತ್ತದೆ. ತಲೆಹೊರೆಯಲ್ಲಿ ಭಾರ ಕುತ್ತಿಗೆಯ ಮೇಲಿದ್ದರೂ ಅದನ್ನು ಹಿಡಿದ ತೋಳು ದಾರಿಯುದ್ದಕ್ಕೂ ಎತ್ತಿಯೇ ಇರುತ್ತದೆ. ಹೆಗಲ ಮೇಲೆ ದಿಮ್ಮಿ ಹೊರುವಾಗ ಕೊರಳೆಲುಬಿನ ತುದಿಯ ಸಣ್ಣ ಕೀಲಿಗೆ ಒತ್ತಡ ನೇರವಾಗಿ ಬೀಳುತ್ತದೆ. ಮುಂಡಗೋಡದ ಗಾಂದೆನ್ ಮತ್ತು ದ್ರೆಪುಂಗ್ ವಿಹಾರಗಳಲ್ಲಿ ಆಚರಣೆಯಲ್ಲಿರುವ ದೀರ್ಘದಂಡ ನಮಸ್ಕಾರದಲ್ಲಿ ಕೈಗಳು ತಲೆಯ ಮೇಲೆ ಸೇರಿ, ಬಳಿಕ ನೆಲಕ್ಕೆ ಊರಿ ಮೈಯ ಭಾರವನ್ನು ತಾಳುತ್ತವೆ. ಇಲ್ಲಿ ಭುಜವು ಕೆಲವು ಕ್ಷಣ ಮಂಡಿಯಂತೆ ತೂಕ ಹೊರುವ ಕೀಲಾಗುತ್ತದೆ. ಇವೆಲ್ಲ ರೋಗಕಾರಕವೆಂದು ಇದರ ಅರ್ಥವಲ್ಲ. ಆದರೆ ಭುಜ ಸವೆದವರಿಗೆ, ಕೃತಕ ಕೀಲು ಪಡೆದವರಿಗೆ ಯಾವ ಭಂಗಿಯನ್ನು ಬದಲಿಸಬೇಕು ಎಂಬುದನ್ನು ನಿರ್ಧರಿಸಲು ಈ ವಿಶ್ಲೇಷಣೆ ನೆರವಾಗುತ್ತದೆ.

ತಜ್ಞ ಚಿಕಿತ್ಸೆಗಾಗಿ ಈ ಭಾಗದ ಜನ ಹೆಚ್ಚಾಗಿ ಧಾರವಾಡ, ಹುಬ್ಬಳ್ಳಿ ಮತ್ತು ಬೆಳಗಾವಿಯ ಆಸ್ಪತ್ರೆಗಳನ್ನು ಅವಲಂಬಿಸುತ್ತಾರೆ. 1957ರಲ್ಲಿ ಆರಂಭವಾಗಿ ಕಿಮ್ಸ್ ಎಂದೇ ಪರಿಚಿತವಾದ ಹುಬ್ಬಳ್ಳಿಯ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆ ಇವುಗಳಲ್ಲೊಂದು. 2018ರಲ್ಲಿ ಜಾರಿಗೆ ಬಂದ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಡತನ ರೇಖೆಗಿಂತ ಕೆಳಗಿನ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸಾ ನೆರವಿದೆ. ಯಾವ ಚಿಕಿತ್ಸೆ ಇದರ ವ್ಯಾಪ್ತಿಗೆ ಸೇರುತ್ತದೆ ಎಂಬುದನ್ನು ಆಸ್ಪತ್ರೆಯಲ್ಲಿರುವ ಆರೋಗ್ಯಮಿತ್ರರಿಂದ ಮುಂಚಿತವಾಗಿ ತಿಳಿಯಬಹುದು.

ಶಸ್ತ್ರಚಿಕಿತ್ಸೆಯ ನಂತರದ ವ್ಯಾಯಾಮ ತಿಂಗಳುಗಟ್ಟಲೆ ನಡೆಯಬೇಕಾದುದು. ಜೋಯಿಡಾದಂಥ ಚದುರಿದ ಹಳ್ಳಿಗಳಿಂದ ವಾರವಾರವೂ ನಗರಕ್ಕೆ ಹೋಗಿಬರುವುದು ಸುಲಭವಲ್ಲ. ಬಾಗಿ ನಿಂತು ತೋಳನ್ನು ಲೋಲಕದಂತೆ ತೂಗಾಡಿಸುವುದು, ಗೋಡೆಯ ಮೇಲೆ ಬೆರಳುಗಳನ್ನು ನಡೆಸುವುದು, ತೊಲೆಗೆ ಹಗ್ಗ ಹಾಕಿ ಒಂದು ಕೈಯಿಂದ ಇನ್ನೊಂದನ್ನು ಎತ್ತುವುದು ಮುಂತಾದ ವ್ಯಾಯಾಮಗಳಿಗೆ ಯಂತ್ರಗಳು ಬೇಕಿಲ್ಲ. ಯಾವ ವ್ಯಾಯಾಮವನ್ನು ಎಷ್ಟನೆಯ ವಾರದಿಂದ ಆರಂಭಿಸಬೇಕು ಎಂಬುದನ್ನು ಬಿಡುಗಡೆಯ ದಿನವೇ ಬರೆಯಿಸಿಕೊಂಡರೆ ಮನೆಯಲ್ಲಿಯೂ ಅಭ್ಯಾಸ ಮುಂದುವರಿಸಬಹುದು.

ಮಿತಿಗಳು

ಭುಜದ ಬಲವಿಜ್ಞಾನದ ಪ್ರಮುಖ ಅಳತೆಗಳು ಬಹುತೇಕ ಯುರೋಪ್ ಮತ್ತು ಉತ್ತರ ಅಮೆರಿಕದ ಜನರ ಮೇಲೆ ನಡೆದವು. ಅಲ್ಲಿನ ಪರೀಕ್ಷೆಗಳಲ್ಲಿ ಅಳೆಯುವ ದಿನಚರಿಯೆಂದರೆ ಕಪಾಟಿನಿಂದ ವಸ್ತು ತೆಗೆಯುವುದು, ತಲೆ ಬಾಚುವುದು, ವಾಹನದ ಚುಕ್ಕಾಣಿ ತಿರುಗಿಸುವುದು. ನೆಲದಿಂದ ಕೈಯೂರಿ ಏಳುವುದು, ಬಾವಿಯಿಂದ ನೀರು ಸೇದುವುದು, ತಲೆಹೊರೆ ಹಿಡಿಯುವುದು, ಬಟ್ಟೆಯನ್ನು ಕಲ್ಲಿಗೆ ಒಗೆಯುವುದು ಮುಂತಾದ ಚಲನೆಗಳಿಗೂ ಇದೇ ವಿಧಾನಗಳನ್ನು ಅನ್ವಯಿಸಬಹುದು. ಕೃತಕ ಕೀಲಿನ ಗಾತ್ರ, ಕೋನ ಮತ್ತು ನಂತರದ ಸಲಹೆಗಳು ರೋಗಿಯ ನಿಜವಾದ ದಿನಚರಿಗೆ ಹೊಂದಿದಾಗಲೇ ಶಸ್ತ್ರಚಿಕಿತ್ಸೆಯ ಪೂರ್ಣ ಪ್ರಯೋಜನ ದೊರೆಯುತ್ತದೆ.